ಕೆಂಚ್ಯಾನ ಪಟ್ಟಿ

ಗಿರಣಿ ಪಟ್ಟಾದ ಬಾಜೂಕ ಒಂದು ಡಬ್ಬಿ ಇಟ್ಟೀನಿ,
ಡಾಲ್ಡಾದ್ದು, ಮುಚ್ಚಳಕ್ಕ ಸೀಳು ಕೊಯ್ದದ್ದು.
ಜ್ವಾಳಾ ಬೀಸಾಕ ಬಂದವರು ಕೇಳ್ತಾರ:
'ಯಾತರ ಪಟ್ಟಿ ಶೇವಂತಕ್ಕ? ಗಣಪತೀದು ಈಗೆಲ್ಲಿ ಬಂತು?'
'ನಾಯೀದು' ಅಂತೀನಿ.
ಗಿರಣಿ ಸಪ್ಪಳದಾಗ ಅವರಿಗೆ 'ತಾಯೀದು' ಅಂತ ಕೇಳಸ್ತೈತಿ,
ಹತ್ತು ರೂಪಾಯಿ ಹಾಕಿ ಕೈ ಮುಗೀತಾರ.
ನಾ ತಿದ್ದೂದಿಲ್ಲ.

ಎರಡನೇ ಸಲ ಕೇಳಿದವರಿಗೆ ಮಾತ್ರ
ಮಷೀನ ನಿಲ್ಲಿಸಿ ಹೇಳ್ತೀನಿ:

ಚಂಪವ್ವನ ಮಗ ಬಾಳಗೊಂಡ
ನೀಲಿ ಟೊಪಿಗಿ ಹಾಕ್ಕೊಂಡು ಸುಡಾನಕ್ಕ ಹೋಗಿದ್ದ,
ಯಾರದೋ ಜಗಳ ಬಿಡಸಾಕ.
ಹದಿನಾಲ್ಕು ತಿಂಗಳು.
ಅಲ್ಲಿ ನೀರಿನ ಟ್ಯಾಂಕರ ಬುಡಕ ಒಂದು ಕೆಂದ ಮರಿ ಸಿಕ್ಕಿತು,
ಒಂದು ಕಿವಿ ಹರದದ್ದು.
ಪಲ್ಟಣದ ರಜಿಸ್ಟರದಾಗ ಅದರ ಹೆಸರು ಟೈಗರ್.
ಇವನ ಬಾಯಾಗ ಕೆಂಚ್ಯಾ.

ಇವ ಊರಿಗೆ ಬಂದಾನ. ಅದು ಅಲ್ಲೇ ಐತಿ.
ತರಬೇಕಂದ್ರ ಸೂಜಿ, ರಕ್ತದ ತಪಾಸಣಿ, ಅಳತಿಗೆ ಹೊಂದೂ ಪೆಟಿಗಿ,
ಎರಡು ವಿಮಾನ, ದಿಲ್ಲಿಯೊಳಗ ಒಂದು ಸರಕಾರಿ ಮುದ್ರಿ:
ಎರಡು ಲಕ್ಷ ಅರವತ್ತು ಸಾವಿರ.

'ಹುಚ್ಚಿ ಅದಿ' ಅಂದ ದಾಳಿಂಬರಿ ದಲಾಲಿ ಅಣ್ಣಾರಾಯ,
'ಉಮದಿ ಸ್ಟ್ಯಾಂಡಿನ್ಯಾಗ ನಲವತ್ತು ನಾಯಿ ಅದಾವ,
ಒಂದಕ್ಕೊಂದು ಫ್ರೀ.'
ಆಮ್ಯಾಲ ಐನೂರರದೊಂದು ನೋಟು ತುರುಕಿ
'ಪಾವತಿ ಬ್ಯಾಡ, ಮನ್ಯಾಗ ನೋಡಿದ್ರ ಕಷ್ಟ' ಅಂದ.
ಕಸಾಯಿ ದಸ್ತಗೀರ ರೊಕ್ಕ ಕೊಡಲಿಲ್ಲ.
'ಬರಲಿ. ಅದು ಇರೂತನಕ ಎಲುವು ನಂದು.'
ಅದನ್ನೂ ಬರಕೊಂಡೀನಿ.
ಮಾಜಿ ಸುಭೇದಾರ ಸಾವಂತ ಪೆನ್ಶನ್ನಿನಾಗಿಂದು ಎರಡು ಸಾವಿರ ಎಣಿಸಿ
ಪಾವತಿ ತಾನ ಬರದ, ಮರಾಠಿಯೊಳಗ:
'ಒಬ್ಬ ಜವಾನನ ಸಲುವಾಗಿ.'
ಯಾವ ಜವಾನ ಅಂತ ನಾ ಕೇಳಲಿಲ್ಲ.

ಚಂಪವ್ವ ಅಷ್ಟ ಒಂದು ಪೈಸಾ ಹಾಕಲಿಲ್ಲ.
'ಬಂದು ಮೂರು ತಿಂಗಳಾತು, ನನ್ನ ಜೋಡಿ ಮೂರು ಮಾತಾಡಿಲ್ಲ.
ನಾಯಿ ಬೇಕಂತ ಅವಗ!'
ಹಿಟ್ಟು ತುಂಬಿಸಿಕೊಳ್ಳುವಾಗ
ಡಬ್ಬಿಗೆ ಬೆನ್ನು ಮಾಡಿ ನಿಲ್ತಿದ್ದಳು.

ಮೊನ್ನೆ ಬೇಸ್ತವಾರ ಬಾಳಗೊಂಡನ ಫೋನಿಗೆ ಸುಡಾನ ಬಂತು,
ಗಿರಣಿಯೊಳಗ ಇದ್ದಾಗ.
ಹೊಸ ಪಲ್ಟಣದ ಅಡಗಿಯವ, ಗಡವಾಲದವ, ಹಿಂದಿಯೊಳಗ ಒದರ್ತಿದ್ದ:
ಟೈಗರ್ ಅಂದ್ರ ಹೊಳ್ಳಿ ನೋಡೂದಿಲ್ಲ,
ಬೈಠ್ ಅಂದ್ರ ಎದ್ದು ನಿಂದರ್ತೈತಿ,
ಎರಡು ದಿನಾತು ತಾಟು ಮುಟ್ಟಿಲ್ಲ,
ಇದಕ್ಕ ಯಾವ ಭಾಷಾ ಕಲಿಸಿ ಹೋಗಿ ಮಾರಾಯಾ?

ನಾ ಬಟನ್ ಒತ್ತಿ ಕಲ್ಲು ನಿಲ್ಲಿಸಿದೆ.
ಇವ ಗೋದಿ ಚೀಲದ ಮ್ಯಾಲ ಕುಂತ.
ಸಾಲ್ಯಾಗ ಮರಾಠಿ, ಪಲ್ಟಣದಾಗ ಹಿಂದಿ,
ಟೊಪಿಗಿ ಸಾಹೇಬರ ಮುಂದ ನಾಕ ಅಕ್ಷರ ಇಂಗ್ಲಿಷು;
ಅಷ್ಟು ಮಂದ್ಯಾಗ ನಮ್ಮ ಮಾತಿನವ
ಇವನೊಬ್ಬನ ಇದ್ದನಂತ.
'ಅದರ ಕಿವಿಗೆ ಹಿಡೀರಿ' ಅಂದ. 'ಹರದ ಕಿವಿಗಲ್ಲ.'

'ಯಾಕೋ ಕೆಂಚ್ಯಾ, ಉಣವಲ್ಲಿ?
ಸಿಟ್ಟು ಬಂತ?
ಒಂದ ತುತ್ತು.
ಗುಬ್ಬೀದೊಂದು, ಕಾಗೀದೊಂದು,
ನಂದೊಂದು ಅಷ್ಟ.
ಉಂಡು ಬಾ, ಮಕ್ಕೊಳ್ಳೂಣಂತ.'

ಬಾಗಲದಾಗ ಚಂಪವ್ವ ನಿಂತಿದ್ದಳು,
ಬುಟ್ಟಿ ಇನ್ನೂ ತಲಿ ಮ್ಯಾಲ.
ಆ ತುತ್ತು ಅಕೀದು,
ಮೂವತ್ತು ವರ್ಷದ ಹಿಂದಿಂದು.

ಫೋನಿನ್ಯಾಗ ಬೊಗಳಿದ್ದು ಕೇಳಲಿಲ್ಲ.
ಉಸಿರು ಕೇಳ್ತು. ಬಾಳ ಹೊತ್ತು ಉಸಿರ ಅಷ್ಟ.
ಆಮ್ಯಾಲ ತಗಡಿನ ತಾಟು ನೆಲಕ್ಕ ತಿಕ್ಕೂ ಸಪ್ಪಳ,
ನೆಕ್ಕಿದಂಗೆಲ್ಲ ಮುಂದಮುಂದಕ್ಕ ಸರೀತಿತ್ತು ಅದು.

ಇನ್ನೂ ಎಂಬತ್ತೊಂದು ಸಾವಿರ ಬೇಕು.
ನೋಟು ಝಾಡಿಸಿದ್ರ ಹಿಟ್ಟು ಹಾರ್ತೈತಿ,
ಎಣಸೂದರಾಗ ಬೆಳ್ಳಗಾಗ್ತೀನಿ.
ಚಂಪವ್ವ ರೊಕ್ಕ ಹಾಕಿಲ್ಲ, ಇವತ್ತಿಗೂ.
ನಿನ್ನೆ ಜ್ವಾಳಾ ತಂದಾಗ ಸೆರಗಿನ್ಯಾಗ
ಒಂದು ಸೇರು ಬ್ಯಾರೆ ಗಂಟು ಕಟ್ಟಿದ್ದಳು.

'ಇದನ್ನ ತರಿ ಬೀಸು, ಶೇವಂತಾ.
ನುಚ್ಚು ಮಾಡಿ ನೋಡಬೇಕು.
ಮೊಸರು ಹಾಕಿದ್ರ ತಿಂತೈತೇನು ಅದು?'

ನಾ ಕಲ್ಲು ಸಡ್ಲ ಮಾಡಿದೆ.