ಮೀ ಪೋ, ಮೀ ಬಾ

ಹಾಡುಗಳ ಪಟ್ಟಿ ಬಲದಿಂದ ಎಡಕ್ಕೆ ಬರೆದಿತ್ತು.
ನನಗೆ ಓದಲು ಬಾರದು. ನೋಗಾ ಓದಿದಳು,
ನಾನು ಕನ್ನಡದಲ್ಲಿ ಗೀಚಿಕೊಂಡೆ,
ಚಹಾದ ಕಲೆ ತಪ್ಪಿಸಿ:
ಮೊದಲನೆಯದಕ್ಕೆ ಗಿಟಾರು ಜೋರು,
ಮೂರಕ್ಕೆ ಬರಿಯ ಊದ್,
ಐದು, ‘ಮೀ ಪೋ, ಮೀ ಬಾ ಬಲೈಲಾ’,
ಅಲ್ಲಿ ಎಲ್ಲ ಗುಂಡಿಗಳೂ ಮೇಲೆ.

ಜುಫೈರಿನ ಹೋಟೆಲು, ಎರಡನೇ ಮಾಳಿಗೆ,
ಮದುವೆಗೆ ಮೊದಲ ದಿನದ ಮದರಂಗಿ.
ಮನಾಮದಲ್ಲಿ ಈ ಜನ ಎಷ್ಟು ಅಂದರೆ
ಹೆಣ್ಣಿನ ಕಡೆಗೆ ಒಂದೇ ಮೇಜು ಸಾಕಾಯಿತು.
ಉಳಿದದ್ದಕ್ಕೆಲ್ಲ ಲಂಡನ್ನಿನವರು, ಹೈಫಾದವರು,
ಬಿಳಿ ನಿಲುವಂಗಿಯ ನೆರೆಮನೆಯವರು.

ಸ್ಪೀಕರಿನೊಳಗೆ ಗುಂಯ್ ಅನ್ನುವ ಒಂದು ಹುಳ.
ಅರ್ಥಿಂಗು ಸರಿಯಿಲ್ಲ.
ಉಳ್ಳಾಲದ ಹಸನಬ್ಬ ವಯರು ಹಿಡಿದು ಮೇಜಿನಡಿ ತೆವಳಿದ.
ಯಾರೋ ಅವನ ಬೆನ್ನಿನ ಮೇಲೆ ಖರ್ಜೂರದ ತಟ್ಟೆ ಇಡಲು ಹೊರಟಿದ್ದರು.

ಐದನೆಯ ಹಾಡು. ಈತಾಯ್ ಗಿಟಾರನ್ನು
ಒಗೆವ ಬಟ್ಟೆಯ ಹಾಗೆ ಎತ್ತಿ ಎತ್ತಿ ಬಡಿದ.
ಡ್ರಮ್ಮಿಗೆ ಗಾಜಿನ ಲೋಟಗಳು ಕುಣಿದವು.
ಹುಡುಗರು ಕುರ್ಚಿ ಸಮೇತ ಮದುಮಗನನ್ನು ಎತ್ತಿದರು.
ಆಗ ಆ ಒಂದೇ ಮೇಜಿನಿಂದ
ತುಫಾಹಾ ಅಜ್ಜಿ, ತೊಂಬತ್ತರ ಹತ್ತಿರ,
ಊರುಗೋಲು ಎತ್ತಿ, ‘ಬಸ್!’ ಅಂದಳು.

ನಾನೇ ಮೊದಲು ಹೆದರಿದವನು. ಎಲ್ಲ ಇಳಿಸಿದೆ.
ಹುಳ ಮಾತ್ರ ಉಳಿಯಿತು, ಗುಂಯ್.

‘ಹಾದಿ ಮಾಲ್ ಉಮ್ಮಿ,’ ಅಂದಳು.
ಇದು ನನ್ನ ಅಮ್ಮನದು.
ಗದರಿದ್ದಲ್ಲ. ಕಳೆದ ಕೊಡೆಯನ್ನು
ಬೇರೆಯವರ ಕೈಯಲ್ಲಿ ಕಂಡಾಗಿನ ದನಿ.
ಮದರಂಗಿಯ ತಾಮ್ರದ ತಟ್ಟೆ ಮಗುಚಿ
ಬೆರಳ ಗೆಣ್ಣಿನಲ್ಲಿ ತಟ್ಟುತ್ತ ಹಾಡಿದಳು:
ಅದೇ ಮಟ್ಟು, ಅರಬ್ಬಿ ಮಾತು,
ನಾಲ್ಕು ಪಟ್ಟು ನಿಧಾನ.
ನೋಗಾಳ ‘ಲೈಲಾ’ ಬರುವ ಜಾಗದಲ್ಲೇ
ಅವಳ ‘ಲೇಲ್’ ಬಂದು ಕೂತಿತು.

ಮೈಕು ಒಯ್ಯಲು ಹಸನಬ್ಬ ಎದ್ದ.
ಬೇಡ ಅಂತ ಕೈ ಮಾಡಿದೆ.
ಸಂಬಳ ಕೊಡುವುದು ಸದ್ದು ಹೆಚ್ಚಿಸಲಿಕ್ಕೆ;
ಆ ಹೊತ್ತು ನಾನು ಏಸಿಯನ್ನೂ ಆರಿಸಿದೆ.

ಈತಾಯ್ ಮಂಡಿಯೂರಿ ಅವಳ ಕಾಲ ಬಳಿ ಕೂತು
ಒಂದೊಂದೇ ತಂತಿಯಲ್ಲಿ ಅವಳನ್ನು ಹುಡುಕಿದ.
ಎರಡು ಸಲ ತಪ್ಪಿದ. ಎರಡು ಸಲವೂ
ಅವನ ಮಂಡೆಗೆ ಮೆಲ್ಲಗೆ ಕುಟ್ಟಿದಳು.

ಆಮೇಲೆ, ಬಿರಿಯಾನಿಯ ಸಾಲಿನಲ್ಲಿ, ನೋಗಾಳನ್ನು ಕೇಳಿದೆ:
ಏನು ಅರ್ಥ? ‘ಪೋ ಅಂದರೆ ಇಲ್ಲಿ.
ಯಾರು ಇಲ್ಲಿ, ರಾತ್ರಿ ಬಂದವರು ಯಾರು.
ಅಷ್ಟೇ. ಅಜ್ಜಿಯದರಲ್ಲಿ ಬೇರೆ ಏನೋ ಇದೆ,
ನನಗೆ ಅರಬ್ಬಿ ಬಾರದು.’

ಎರಡು ಗಂಟೆಗೆ ವ್ಯಾನು ಗುದೈಬಿಯಾಕ್ಕೆ ಹೊರಟಿತು.
ಹಸನಬ್ಬ ಚೀಟಿ ತೆಗೆದು ದೀಪಕ್ಕೆ ಹಿಡಿದ:
‘ಮೀ, ಪೋ. ಮೀ, ಬಾ.
ಎಂತ ಮಾರಾಯ್ರೆ, ಸ್ನಾನ ಮಾಡು, ಹೋಗು,
ಸ್ನಾನ ಮಾಡು, ಬಾ!
ನಮ್ಮ ಕ್ಯಾಂಪಿನ ಬಾತ್‌ರೂಮಿನ ಹಾಡು ಇವರಿಗೆ ಹೇಗೆ ಸಿಕ್ಕಿತು?’
ನಕ್ಕು ನಕ್ಕು ಕೆಮ್ಮಿದ. ನಾನೂ ನಕ್ಕೆ.
ನಮ್ಮಲ್ಲಿ ‘ಹೋಗು’ ಅನ್ನುವ ಅಕ್ಷರ
ಅವರಲ್ಲಿ ‘ಇಲ್ಲಿ’ ಅಂತ ಹೇಳಲಿಲ್ಲ.
ಅವನ ವೀಸಾ ಮುಂದಿನ ತಿಂಗಳಿಗೆ ಮುಗಿಯುತ್ತದೆ.

ರಾತ್ರಿಯೇ ಬಂದವರು ನಾವು, ಇಬ್ಬರೂ;
ರಾತ್ರಿಯ ಟಿಕೆಟು ಸೋವಿ.

ಬೆಳಿಗ್ಗೆ ಅಂಗಡಿಯಲ್ಲಿ ಮಿಕ್ಸರು ಒರೆಸುವಾಗ
ಹಳೆಯ ಟೇಪು ಕಿತ್ತೆ: ಗಿಟಾರು, ಊದ್, ನೋಗಾ.
ಏಳನೆಯ ಗುಂಡಿಯ ಕೆಳಗೆ, ನನ್ನದೇ ಕೈಬರಹ,
ಬರೆದದ್ದು ಯಾವಾಗಲೋ, ‘ಅಜ್ಜಿ’.
ಅದಕ್ಕೆ ಯಾವ ವಯರೂ ಇರಲಿಲ್ಲ.
ಗುಂಡಿ ಮಾತ್ರ ಪೂರ್ತಿ ಮೇಲಿತ್ತು.