ಅಳತೆ ಪುಸ್ತಕ

ಸೊಹಾರಿನ ಮೀನುಪೇಟೆಯ ಹಿಂದೆ ಎರಡು ಮೆಟ್ಟಿಲಿಳಿದರೆ ನನ್ನಂಗಡಿ.
ನನ್ನದೆಂದರೆ ನನ್ನದಲ್ಲ, ಮಿಷನ್ನಿನ ಪೆಡಲು ಮಾತ್ರ ನನ್ನ ಕಾಲಿನದು.
ಒಂಬತ್ತು ವರ್ಷ ಕಪ್ಪು ಬಟ್ಟೆಯನ್ನೇ ಹೊಲಿದಿದ್ದೇನೆ.
ಕಪ್ಪಿನಲ್ಲೂ ಹದಿನಾಲ್ಕು ಬಗೆಯುಂಟು,
ಬೇಕಾದರೆ ಕಣ್ಣು ಮುಚ್ಚಿ ಬೆರಳಲ್ಲೇ ಹೇಳುತ್ತೇನೆ.

ಕಪ್ಪಿನದೊಂದು ಗುಣ: ರಕ್ತ ಕಾಣುವುದಿಲ್ಲ.
ಇದು ತಿಳಿದದ್ದು ಕಳೆದ ವರ್ಷ,
ತಿಂಗಳಿಗೆ ನಾಕು ದಿನ ಇದ್ದದ್ದು ಹನ್ನೊಂದಾಗಿ
ಸ್ಟೂಲಿನ ಮೇಲೆ ಉಳಿಕೆ ತುಂಡು ಮಡಿಸಿ ಹಾಕಿ
ಅದರ ಮೇಲೆ ಕೂತು ಬೇರೆಯವರ ಹಬ್ಬ ಹೊಲಿಯುವಾಗ.

ಅಂಕೋಲೆಯಲ್ಲಿ ಅವ್ವಿ ಅನ್ನುತ್ತಿದ್ದಳು,
ಹೊರಗಾಗಿದ್ದೀ, ಒಳಗೆ ಬರಬೇಡ.
ಈಗ ಫೋನಿನಲ್ಲಿ ಯಾರಿಗೋ ಅನ್ನುತ್ತಾಳೆ,
ನಮ್ಮ ಶೇವಂತಿ ಹೊರಗಿದ್ದಾಳೆ.
ಎರಡೂ ಖರೆ.

ಲಂಗದ ಲಾಡಿ ಬೆರಳು ಬೆರಳಾಗಿ ಸಾಲದೆ ಬಂತು.
ಒಂದೇ ಕೋಣೆಯ ಸೆವ್ರಿನ್ ಬಾಯಿ ನಕ್ಕಳು:
ಗಂಡ ಊರಲ್ಲಿ, ಹೊಟ್ಟೆ ಇಲ್ಲಿ, ಯಾರದೇ ಇದು?
ಮತ್ತೆ ನನ್ನ ಕೆಳರೆಪ್ಪೆ ಎಳೆದು ನೋಡಿ ನಗು ನಿಲ್ಲಿಸಿದಳು.
ಬಿಳಿ ಪಾಪ್ಲಿನ್ನಿನ ಹಾಗಿತ್ತಂತೆ.

ಕರೆದೊಯ್ದವಳು ಜುವೈನಾ.
ಹಳೆಯ ಗಿರಾಕಿ, ಏಳು ಹೆತ್ತವಳು, ಸದಾ ಬಗ್ಗಿ ನಡೆಯುವವಳು.
ಅವಳ ಅಳತೆ ತೆಗೆಯುವಾಗ ನನ್ನ ಕೈಯ ಟೇಪು ನಡುಗಿತು.
ಖಯ್ಯಾತಾ, ಅಂದಳು ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ,
ನಾಳೆ ಅಂಗಡಿ ಬಂದ್. ನಿನ್ನ ಅರ್ಬಾಬನಿಗೆ ನಾನು ಹೇಳುತ್ತೇನೆ.

ಕ್ಲಿನಿಕ್ಕಿನಲ್ಲಿ ನನ್ನನ್ನು ಶೈಫಂತಿ ಎಂದು ಕೂಗಿದರು. ಎದ್ದೆ.
ಸುಡಾನಿನ ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆ ಅಂಟು ಬಳಿದು
ಪರದೆಯ ಮೇಲೆ ಎರಡು ಚುಕ್ಕಿಯಿಟ್ಟು ನಡುವೆ ಗೆರೆ ಎಳೆದಳು:
ಎಂಟೂಕಾಲು ಸೆಂಟಿಮೀಟರು.
ಜೀವಮಾನದಲ್ಲಿ ಮೊದಲ ಸಲ
ಯಾರೋ ನನ್ನ ಅಳತೆ ತೆಗೆದದ್ದು.

ಗಡ್ಡೆ, ಅಂದಳು. ಬಹಳ ಹೆಂಗಸರಿಗೆ ಇರುತ್ತದೆ, ಹೆದರಬೇಡ.
ಆಮೇಲೆ ಕಾಲು ಮಡಚಲು ಹೇಳಿ
ಗರ್ಭದ ಕೊರಳಿಂದ ಪುಟ್ಟ ಕುಂಚದಲ್ಲಿ ಏನನ್ನೋ ಒರೆಸಿಕೊಂಡಳು.
ಕೊರಳು ಅಂದದ್ದು ಅವಳಲ್ಲ, ಕುಂದಾಪುರದ ನರ್ಸು.
ಆ ಚೀಲಕ್ಕೊಂದು ಕೊರಳಿದೆಯೆಂದು ನಲವತ್ತೊಂದಕ್ಕೆ ಗೊತ್ತಾಯಿತು ನನಗೆ.
ಹೊಲಿಯುವವರನ್ನು ಕೇಳಿ,
ಕತ್ತರಿ ಅಂಜುವುದು ಕೊರಳಲ್ಲೇ,
ಬಟ್ಟೆ ಮೊದಲು ಹರಿಯುವುದೂ ಅಲ್ಲೇ.

ಅತ್ತಿಗೆಗೆ ಫೋನು ಮಾಡಿದರೆ: ತೆಗೆಸಿ ಎಸೆ ಅತ್ಲಾಗೆ,
ಮಕ್ಕಳಾದ ಮೇಲೆ ಯಾಕದು, ನಾನು ಮೂವತ್ನಾಕಕ್ಕೇ ತೆಗೆಸಲಿಲ್ಲವಾ?
ಆವತ್ತಿಂದ ರಾತ್ರಿಯೆಲ್ಲ ಮೈ ಒಲೆಯಾಗಿ
ಹಸಿ ನೆಲದ ಮೇಲೆ ಮಲಗುವುದನ್ನು ಅವಳು ಹೇಳಲಿಲ್ಲ. ನಾನು ನೋಡಿದ್ದೇನೆ.
ಡಾಕ್ಟರಮ್ಮನೆಂದದ್ದು ಬೇರೆ:
ಗಡ್ಡೆ ಬಿಡಿಸಿ ಚೀಲ ಉಳಿಸಲೂಬಹುದು. ಯೋಚಿಸು.
ಯೋಚಿಸು ಎಂದು ಈ ದೇಶದಲ್ಲಿ ಯಾರೂ ನನಗೆ ಹೇಳಿರಲಿಲ್ಲ.
ಆ ದೇಶದಲ್ಲೂ.

ಹೊರಗೆ ಬೆಂಚಿನ ತುದಿಯಲ್ಲಿ ಜುವೈನಾ.
ಕಿವಿಗೆ ಬಾಯಿ ತಂದಳು: ನನ್ನದು ಕೆಳಗಿಳಿದಿದೆ.
ಆರನೆಯವನು ಹುಟ್ಟಿದಾಗಿನಿಂದ. ಇಪ್ಪತ್ತಾರು ವರ್ಷ.
ನೀನು ಕೊಡುವ ತುಂಡು ಬಟ್ಟೆ ಸುತ್ತಿ ಒಳಗೆ ಇಟ್ಟುಕೊಳ್ಳುತ್ತೇನೆ.

ಮೊಮ್ಮಗಳ ಗೊಂಬೆಗೆಂದು ಒಯ್ಯುತ್ತಿದ್ದ ತುಂಡುಗಳು!

ಕೈ ಹಿಡಿದು ಎಬ್ಬಿಸಿದೆ. ಈ ಸಲ ನಾನು, ಅದೇ ಬಾಗಿಲಿಗೆ.
ಒಂದು ರಬ್ಬರಿನ ಬಳೆ, ಅಷ್ಟೇ, ಒಳಗಿಟ್ಟು ಕಳಿಸಿದರು.

ಹಬ್ಬದ ಹಿಂದಿನ ವಾರ ಬಂದಳು.
ಹೆಗಲಿಂದ ಹಿಮ್ಮಡಿಗೆ ಟೇಪು ಇಳಿಬಿಟ್ಟೆ.
ಪುಸ್ತಕ ತೆಗೆದು ನೋಡಿ ಮತ್ತೊಮ್ಮೆ ಅಳೆದೆ.
ಎರಡು ಬೆರಳು ಉದ್ದವಾಗಿದ್ದಾಳೆ.
ಹಳೆಯ ಅಂಕಿಗೆ ಗೀಟು ಹಾಕಿದೆ.

ನನ್ನ ಚೀಟಿ ಬಾಬಿನ್ನಿನ ಡಬ್ಬಿಯಲ್ಲಿದೆ. ಇಪ್ಪತ್ತೆರಡಕ್ಕೆ ಬರಬೇಕಂತೆ.
ಕೊರಳಿನ ವರದಿ ಇನ್ನೂ ಬಂದಿಲ್ಲ.
ಮೂವತ್ತೊಂದು ಅಬಾಯ ಬಾಕಿ.
ಎಷ್ಟು ಹೋಗುತ್ತದೆ ನೋಡಿ ಬರೆದಿಡು ಎಂದಿದ್ದಾಳೆ ಡಾಕ್ಟರಮ್ಮ.
ಮೊನ್ನೆಯಿಂದ ಸ್ಟೂಲಿನ ಮೇಲೆ
ಬಿಳಿ ಬಟ್ಟೆ ಹಾಸಿಕೊಂಡು ಕೂರುತ್ತೇನೆ.