ಏಣಿ

ಬಲ್ಬು ಹೋಯ್ತೆಂದು ಆಚೆಮನೆ ಹುಡುಗರು
ಏಣಿ ಕೇಳಿದ್ದು ಜುಲೈಯಲ್ಲಿ;
ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ.
ಹಂಚು ಜಾರಿತೆಂದು ಮೋನಬ್ಬಾಕ ಒಯ್ದರಂತೆ,
ನಕ್ಷತ್ರ ಕಟ್ಟಲು ಕಾರ್ಮಿನ್ ಬಾಯಿ,
ಹಲಸಿನ ಮರದ ಬೆಕ್ಕಿಗೆ ಇನ್ಯಾರೋ.

ಒಂದು ರಾತ್ರಿ ಎರಡೂವರೆಗೆ ಬಾಗಿಲು ಬಡಿತ:
ಮಿಜೋರಾಮಿನ ಹುಡುಗ, ಬೆಳಿಗ್ಗೆ ಪರೀಕ್ಷೆ,
ಕೀ ಒಳಗೆ, ತೆರೆದ ಕಿಟಕಿ ಮಾಳಿಗೆಯಲ್ಲಿ.
"ಏಣಿ ಉಂಟಾ?" ಎಂದ. ಅಷ್ಟು ಕನ್ನಡ ಅವನಿಗುಂಟು.

ಮಣಿಪಾಲದ ಆ ಓಣಿಯಲ್ಲಿ ಟಾರ್ಚು ಹಿಡಿದು
ನನ್ನದೇ ಏಣಿಯನ್ನು ನಾನೇ ಕೇಳುತ್ತ ಹೋದೆ, ಮಾರಾಯ್ರೆ,
ಮನೆಯಿಂದ ಮನೆಗೆ.
ಎದ್ದವರು ಮಲಗಲಿಲ್ಲ; ಯಾರೋ ಚಾ ಇಟ್ಟರು.

ಈಗ ಅದರ ಮೂರನೇ ಮೆಟ್ಟಿಲು ಮುರಿದಿದೆ.
ಒಬ್ಬ ಹತ್ತಿದರೆ ಕೆಳಗೊಬ್ಬ ಹಿಡಿಯಲೇಬೇಕು.
ಬಡಗಿ ಸೇಸಪ್ಪಾಚಾರ್ಯರ ಅಂಗಡಿ ಇಲ್ಲೇ, ತಿರುವಿನಲ್ಲಿ.
ಯಾರೂ ಒಯ್ದಿಲ್ಲ.
ನಾನೂ.